ಗುರು ಬಿಟ್ಟ ದಾರಿ

1907ನೇ ಇಸವಿಯ ಮಾರ್ಚ್ 16. ಆಲ್ಪ್ಸ್ ಬೆಟ್ಟಗಳ ನಡುವಿನ ಇನ್ಸ್‌ಬ್ರುಕ್ ಪಟ್ಟಣದಲ್ಲಿ ಹರ್ಮನ್ ಶ್ಲೋಫರ್ ಎಂಬ ಶಸ್ತ್ರವೈದ್ಯ, ಮೂವತ್ತು ವರ್ಷದ ರೋಗಿಯೊಬ್ಬನ ಮೂಗನ್ನು ಬುಡದಲ್ಲಿ ಕೊಯ್ದು, ಬಾಗಿಲು ತೆರೆದಂತೆ ಕೆನ್ನೆಯ ಕಡೆಗೆ ಹೊರಳಿಸಿದ. ಒಳಗಿನ ಮೂಳೆಗಳನ್ನು ಒಂದೊಂದಾಗಿ ತೆಗೆಯುತ್ತ, ನೆತ್ತರು ಒರೆಸುತ್ತ, ಮೂಗಿನ ಹಿಂಬದಿಯ ಗಾಳಿಗೂಡನ್ನು ದಾಟಿ ತಲೆಬುರುಡೆಯ ತಳ ಮುಟ್ಟಿದ. ಅಲ್ಲೊಂದು ತೆಳ್ಳನೆಯ ಮೂಳೆಪದರ. ಅದರಾಚೆ ಆತ ಹುಡುಕುತ್ತಿದ್ದ ಗಡ್ಡೆ. ಪೆನಿಸಿಲಿನ್ ಆಸ್ಪತ್ರೆಗೆ ಬರಲು ಇನ್ನೂ ಮೂರು ದಶಕಕ್ಕಿಂತ ಹೆಚ್ಚು ಕಾಯಬೇಕಿತ್ತು. ಅಷ್ಟು ಆಳದ ಗುಳಿಯೊಳಗೆ ಬೆಳಕು ಬಿಡುವುದೇ ಒಂದು ಸಾಹಸ. ಆದರೂ ರೋಗಿ ಮೇಜಿನ ಮೇಲೆ ಸಾಯಲಿಲ್ಲ. ಎರಡೂವರೆ ತಿಂಗಳು ಬದುಕಿದ. ಸತ್ತ ಮೇಲೆ ತಲೆ ಬಿಚ್ಚಿ ನೋಡಿದರೆ ಗಡ್ಡೆಯ ದೊಡ್ಡ ಪಾಲು ಮೇಲ್ಗಡೆ ಹಾಗೇ ಕುಳಿತಿತ್ತು.

ಇದನ್ನು ಸೋಲು ಎನ್ನುವುದೋ ಗೆಲುವು ಎನ್ನುವುದೋ? ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಮೂಗಿನ ಕಡೆಯಿಂದ ತಲುಪಬಹುದೆಂದು ಜೀವಂತ ಮನುಷ್ಯನಲ್ಲಿ ಮಾಡಿ ತೋರಿಸಿದ್ದು ಅದೇ ಮೊದಲು. ಇವತ್ತು ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಅದೇ ಗಡ್ಡೆಗೆ ಆಪರೇಶನ್ ಮಾಡಿಸಿಕೊಂಡವರು ಮುಖದ ಮೇಲೆ ಒಂದು ಗೀರೂ ಇಲ್ಲದೆ ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ. ಅವರ ಆಪರೇಶನ್ನೂ ಮೂಗಿನಿಂದಲೇ. ಹಾಗೆಂದು ಶ್ಲೋಫರನಿಂದ ಇವತ್ತಿನವರೆಗೆ ಒಂದು ನೇರ ರಸ್ತೆ ಬಂದಿದೆ ಎಂದುಕೊಂಡರೆ ತಪ್ಪು. ನಡುವೆ ಮೂವತ್ತು ನಲವತ್ತು ವರ್ಷ ಆ ದಾರಿಯಲ್ಲಿ ಹುಲ್ಲು ಬೆಳೆದಿತ್ತು. ಬೆಳೆಯಲು ಬಿಟ್ಟವನು ಆ ದಾರಿಯನ್ನು ಅರಿಯದವನಲ್ಲ, ಎಲ್ಲರಿಗಿಂತ ಚೆನ್ನಾಗಿ ಅರಿತವನೇ.

ಮೊದಲು ಈ ಗ್ರಂಥಿಯ ಮನೆ ಎಲ್ಲಿದೆ ನೋಡೋಣ. ಮೂಗಿನ ಬುಡದಿಂದ ಸೀದಾ ಹಿಂದಕ್ಕೆ ಗೆರೆ ಎಳೆದರೆ ತಲೆಯ ಹೆಚ್ಚೂಕಡಿಮೆ ನಟ್ಟನಡುವೆ ಮೂಳೆಯ ಪುಟ್ಟ ಗುಳಿಯೊಂದು ಸಿಗುತ್ತದೆ. ಕುದುರೆಯ ಜೀನಿನ ಆಕಾರ ಅದಕ್ಕೆ. ಹಳೆಯ ಅಂಗರಚನಾ ಪಂಡಿತರು ‘ತುರ್ಕಿ ಜೀನು’ ಎಂದೇ ಹೆಸರಿಟ್ಟರು. ಆ ಗುಳಿಯೊಳಗೆ ಬಟಾಣಿ ಕಾಳಿನಷ್ಟು ದೊಡ್ಡ, ಅರ್ಧ ಗ್ರಾಮ್ ತೂಗುವ ಪಿಟ್ಯುಟರಿ, ಮಿದುಳಿನ ತಳದಿಂದ ತೊಟ್ಟು ಹಿಡಿದು ನೇತುಬಿದ್ದಿದೆ. ಅದರ ನೆತ್ತಿಯ ಮೇಲೆಯೇ ಎರಡು ಕಣ್ಣುಗಳ ನರಗಳು ಕೂಡಿ ಅಡ್ಡಹಾಯುತ್ತವೆ. ಎಡಬಲಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಗಳು. ಕೆಳಗಡೆ ಮಾತ್ರ ಖಾಲಿ ಗಾಳಿಗೂಡು, ಅದರ ಬಾಗಿಲು ಮೂಗಿನೊಳಕ್ಕೆ. ಮೂರು ಕಡೆ ಕಾವಲು, ಒಂದು ಕಡೆ ಹಿತ್ತಿಲ ಬಾಗಿಲು.

ಇಷ್ಟು ಚಿಕ್ಕದು ಮಾಡುವ ಕೆಲಸ ಚಿಕ್ಕದಲ್ಲ. ಮಗು ಬೆಳೆಯುವುದು, ಹೆಣ್ಣಿಗೆ ಮುಟ್ಟಾಗುವುದು, ಬಾಣಂತಿಗೆ ಹಾಲು ಬರುವುದು, ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳು ಎಚ್ಚರವಾಗಿರುವುದು ಎಲ್ಲವೂ ಇದರ ಹಾರ್ಮೋನುಗಳ ಕೈಯಲ್ಲಿದೆ. ಇಲ್ಲಿ ಗಡ್ಡೆಯಾದರೆ ಅದು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಆದರೂ ಕೇಡು ಮಾಡುತ್ತದೆ, ಎರಡು ಬಗೆಯಲ್ಲಿ. ಮೇಲಕ್ಕೆ ಉಬ್ಬಿ ಕಣ್ಣಿನ ನರಗಳನ್ನು ಒತ್ತಿದರೆ ಎರಡೂ ಕಣ್ಣಿನ ಹೊರಬದಿಯ ನೋಟ ಮಂಕಾಗುತ್ತದೆ. ಕಣ್ಣುಪಟ್ಟಿ ಕಟ್ಟಿದ ಜಟಕಾ ಕುದುರೆಯಂತೆ ಎದುರಿಗಿರುವುದು ಕಾಣುತ್ತದೆ, ಪಕ್ಕದಲ್ಲಿ ಬರುವ ಸೈಕಲ್ಲು ಕಾಣುವುದಿಲ್ಲ. ಇನ್ನೊಂದು, ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ: ಒಂದು ಹೊಳೆಯಾಗಿ ಹರಿಯಬಹುದು, ಉಳಿದವು ಬತ್ತಬಹುದು.

ಗ್ರಂಥಿಯ ಹೆಸರಿನಲ್ಲೇ ಒಂದು ತಮಾಷೆಯಿದೆ. ಪಿಟ್ಯುಟರಿ ಎಂಬ ಮಾತಿನ ಮೂಲ ಲ್ಯಾಟಿನ್ನಿನ ‘ಪಿಟ್ಯೂಟ’. ಎಂದರೆ ಕಫ, ಸಿಂಬಳ. ಮಿದುಳಿನ ಕಶ್ಮಲವೆಲ್ಲ ಈ ಗ್ರಂಥಿಯ ಮೂಲಕ ಸೋಸಿ ಮೂಗಿಗೆ ಇಳಿಯುತ್ತದೆಂದು ಗ್ರೀಕ್ ವೈದ್ಯ ಗೇಲನ್ ನಂಬಿದ್ದ. ಹದಿನೇಳನೇ ಶತಮಾನದವರೆಗೂ ಯುರೋಪಿನ ವೈದ್ಯರು ನೆಗಡಿಯಾದವರನ್ನು ಕಂಡಾಗ ಮಿದುಳು ಸೋರುತ್ತಿದೆ ಎಂದೇ ತಿಳಿಯುತ್ತಿದ್ದರು. ಜರ್ಮನಿಯ ಷ್ನೈಡರ್, ಇಂಗ್ಲೆಂಡಿನ ರಿಚರ್ಡ್ ಲೋವರ್ ಅದು ಸುಳ್ಳೆಂದು ತೋರಿಸಿದರು: ಮೇಲಿನಿಂದ ಮೂಗಿಗೆ ಹನಿಯೂ ಇಳಿಯುವುದಿಲ್ಲ. ಹೆಸರು ಮಾತ್ರ ಉಳಿಯಿತು. ಗ್ರಂಥಿಗೂ ಮೂಗಿಗೂ ನಂಟು ಇರುವುದು ನಿಜವೇ ಆಗಿತ್ತು, ದಾರಿಯ ದಿಕ್ಕು ಮಾತ್ರ ತಿರುಗುಮುರುಗು.

ವೈದ್ಯರಿಗೆ ಗ್ರಂಥಿ ಕಾಣುವ ಮೊದಲೇ ಜನರಿಗೆ ರೋಗಿಗಳು ಕಂಡಿದ್ದರು, ಜಾತ್ರೆಯ ತಮಾಷೆಯಾಗಿ. 1782ರಲ್ಲಿ ಐರ್ಲೆಂಡಿನ ಚಾರ್ಲ್ಸ್ ಬರ್ನ್ ಎಂಬ ಹುಡುಗ ಲಂಡನ್ನಿಗೆ ಬಂದು ತನ್ನ ಎತ್ತರವನ್ನು ಟಿಕೆಟ್ಟಿಗೆ ತೋರಿಸತೊಡಗಿದ. ಏಳೂವರೆ ಅಡಿಗೂ ಮೀರಿದ ದೇಹ. ಒಂದು ವರ್ಷ ಜನ ಮುಗಿಬಿದ್ದರು. ಆಮೇಲೆ ಜನ ಬೇಸತ್ತರು, ಉಳಿಸಿಟ್ಟ ಹಣ ಕಳ್ಳತನವಾಯಿತು, ಕುಡಿತ ಹೆಚ್ಚಾಯಿತು. 1783ರ ಜೂನ್‌ನಲ್ಲಿ ಇಪ್ಪತ್ತೆರಡನೇ ವಯಸ್ಸಿಗೆ ಬರ್ನ್ ತೀರಿಕೊಂಡ. ತನ್ನ ಹೆಣದ ಮೇಲೆ ಜಾನ್ ಹಂಟರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ ಕಣ್ಣಿಟ್ಟಿದ್ದಾನೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ತನ್ನನ್ನು ಸಮುದ್ರದಲ್ಲಿ ಮುಳುಗಿಸಿ ಎಂದು ಗೆಳೆಯರನ್ನು ಬೇಡಿಕೊಂಡಿದ್ದ. ಹಂಟರ್ ದುಡ್ಡು ಚೆಲ್ಲಿ ದಾರಿಯಲ್ಲೇ ಹೆಣ ಬದಲಾಯಿಸಿದ, ಬೇಯಿಸಿ ಮೂಳೆ ಬೇರೆ ಮಾಡಿದ, ಕೆಲವು ವರ್ಷ ಬಚ್ಚಿಟ್ಟು ಆಮೇಲೆ ತನ್ನ ಸಂಗ್ರಹಾಲಯದಲ್ಲಿ ನಿಲ್ಲಿಸಿದ. ಹಂಟರನನ್ನು ಆಧುನಿಕ ಶಸ್ತ್ರವಿದ್ಯೆಯ ಪಿತಾಮಹ ಎನ್ನುವ ವಾಡಿಕೆಯಿದೆ, ಇರಲಿ. ಈ ಒಂದು ಕೆಲಸಕ್ಕೆ ಕಳ್ಳತನ ಎನ್ನದೆ ಬೇರೆ ಹೆಸರು ನನಗೆ ಹೊಳೆಯುವುದಿಲ್ಲ.

ರೋಗಕ್ಕೆ ಹೆಸರು ಸಿಕ್ಕಿದ್ದು ಇನ್ನೂ ನೂರು ವರ್ಷದ ಮೇಲೆ. 1886ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಪಿಯೇರ್ ಮಾರಿ ಎಂಬ ಯುವವೈದ್ಯ ಇಬ್ಬರು ಹೆಂಗಸರ ವಿಷಯ ಬರೆದ. ಇಬ್ಬರ ಕೈಕಾಲುಗಳೂ ದೊಡ್ಡದಾಗುತ್ತ ಹೋಗಿದ್ದವು. ಮೂಗು, ತುಟಿ, ಗಲ್ಲ ದಪ್ಪವಾಗಿ ಮುಖದ ಗುರುತೇ ಬದಲಾಗಿತ್ತು. ದೇಹದ ತುದಿಗಳು ಬೆಳೆಯುವ ರೋಗವೆಂದು ಗ್ರೀಕ್ ಪದಗಳನ್ನು ಜೋಡಿಸಿ ‘ಅಕ್ರೋಮೆಗಲಿ’ ಎಂದು ಕರೆದ. ಮರುವರ್ಷವೇ ಆಸ್ಕರ್ ಮಿಂಕೋವ್‌ಸ್ಕಿ ಇಂಥವರಲ್ಲಿ ಪಿಟ್ಯುಟರಿ ಯಾವಾಗಲೂ ಊದಿರುತ್ತದೆ ಎಂಬುದನ್ನು ಎತ್ತಿ ಹೇಳಿದ. ಎಲುಬಿನ ಬೆಳವಣಿಗೆ ಮುಗಿಯುವ ಮೊದಲೇ ಗಡ್ಡೆ ಬಂದರೆ ಬರ್ನ್‌ನಂಥ ದೈತ್ಯ, ಮುಗಿದ ಮೇಲೆ ಬಂದರೆ ಅಕ್ರೋಮೆಗಲಿ. ಎರಡರ ಬೇರೂ ಒಂದೇ ಎಂಬುದು ನಿಧಾನವಾಗಿ ತಿಳಿಯಿತು.

ಇಲ್ಲಿ ಹಾರ್ವಿ ಕುಶಿಂಗ್ ಬರುತ್ತಾನೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರ ಮನೆತನ, 1869ರ ಹುಟ್ಟು. ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಒಂದು ಪ್ರತ್ಯೇಕ ವಿದ್ಯೆಯಾಗಿ ನಿಲ್ಲಿಸಿದವರಲ್ಲಿ ಮೊದಲ ಹೆಸರು. ಒರಟ, ಸಹಾಯಕರ ಪಾಲಿಗೆ ಸಿಡಿಮದ್ದು. ಆದರೆ ಪ್ರತಿ ಆಪರೇಶನ್ ಮುಗಿದ ಮೇಲೂ ಕುಳಿತು ಅದರ ಚಿತ್ರವನ್ನು ತನ್ನ ಕೈಯಿಂದಲೇ ಬರೆದಿಡುತ್ತಿದ್ದ. ಗುರು ಆಸ್ಲರನ ಜೀವನಚರಿತ್ರೆ ಬರೆದು ಪುಲಿಟ್ಜರ್ ಬಹುಮಾನ ಪಡೆದವನೂ ಇವನೇ. ಪಿಟ್ಯುಟರಿ ಇವನಿಗೆ ಹಿಡಿದ ಗೀಳು. 1909ರಲ್ಲಿ ಲಂಡನ್ನಿಗೆ ಹೋದಾಗ ಹಂಟರನ ಸಂಗ್ರಹದಲ್ಲಿದ್ದ ಬರ್ನ್‌ನ ಬುರುಡೆಯನ್ನು ತೆರೆದು ನೋಡಬೇಕೆಂದು ಅಲ್ಲಿನ ಆರ್ಥರ್ ಕೀತ್‌ನನ್ನು ಕೇಳಿಕೊಂಡ. ತೆರೆದರು. ತುರ್ಕಿ ಜೀನಿನ ಗುಳಿ ಹಿಗ್ಗಿ ಅಗಲವಾಗಿತ್ತು. ನೂರಾ ಇಪ್ಪತ್ತಾರು ವರ್ಷದ ಹಿಂದೆ ಸತ್ತವನಿಗೆ ರೋಗನಿರ್ಣಯವಾಯಿತು.

ಅದೇ ವರ್ಷ ಮಾರ್ಚ್‌ನಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ, ಡಕೋಟಾ ಬಯಲಿನಿಂದ ಬಂದ ಅಕ್ರೋಮೆಗಲಿಯ ರೈತನೊಬ್ಬನಿಗೆ ಕುಶಿಂಗ್ ಮೂಗಿನ ದಾರಿಯಿಂದ ಮೊದಲ ಆಪರೇಶನ್ ಮಾಡಿದ. ರೈತ ಚೇತರಿಸಿಕೊಂಡು ಊರಿಗೆ ಹೋದ. ಶ್ಲೋಫರನ ಹಾಗೆ ಮೂಗನ್ನೇ ಹೊರಳಿಸುವುದು ಕುಶಿಂಗ್‌ಗೆ ಒಗ್ಗಲಿಲ್ಲ. ಬೇರೆಬೇರೆಯವರ ಉಪಾಯಗಳನ್ನು ಕೂಡಿಸಿ ತನ್ನದೇ ವಿಧಾನ ಮಾಡಿಕೊಂಡ: ಮೇಲ್ದುಟಿಯನ್ನು ಎತ್ತಿ, ವಸಡಿನ ಮೇಲ್ಗಡೆ ಕೊಯ್ದು, ಮೂಗಿನ ನಡುಗೋಡೆಯ ಪೊರೆಯನ್ನು ಎರಡು ಬದಿಗೂ ಸರಿಸಿ, ಒಂದು ಕೊಳವೆಯಂಥ ಹಾದಿಯಲ್ಲಿ ಒಳನುಗ್ಗುವುದು. ಗಾಯವೆಲ್ಲ ಬಾಯೊಳಗೆ, ಮುಖ ಮುಖವಾಗಿಯೇ ಉಳಿಯುತ್ತಿತ್ತು. ಕನ್ನಡಿಯಲ್ಲಿ ತನ್ನ ಮುಖ ದಿನದಿನಕ್ಕೂ ಪರಕೀಯವಾಗುವುದನ್ನು ನೋಡಿ ನೊಂದ ರೋಗಿಗೆ ಇದು ಸಣ್ಣ ಮಾತಲ್ಲ.

ಅತ್ತ ವಿಯೆನ್ನಾದಲ್ಲಿ ಆಸ್ಕರ್ ಹಿರ್ಷ್ ಎಂಬ ಮೂಗಿನ ಡಾಕ್ಟರು ಇನ್ನೂ ಸರಳವಾದ ಬಾಗಿಲು ಕಂಡುಕೊಂಡಿದ್ದ. ತುಟಿ ಏಕೆ, ಹೊಳ್ಳೆಯೇ ಇದೆಯಲ್ಲ? 1910ರ ಮಾರ್ಚ್‌ನಲ್ಲಿ ಕೊಕೇನ್ ಹಚ್ಚಿ ಮರಗಟ್ಟಿಸಿ, ರೋಗಿ ಎಚ್ಚರವಿರುವಂತೆಯೇ, ವಾರಗಟ್ಟಲೆ ಕಂತುಕಂತಾಗಿ ಒಳಗಿನ ಅಡ್ಡಿಗಳನ್ನು ತೆಗೆಯುತ್ತ ಗ್ರಂಥಿ ತಲುಪಿದ. ಕೆಲವೇ ತಿಂಗಳಲ್ಲಿ ಅದನ್ನೇ ಒಂದೇ ಸಲಕ್ಕೆ ಮುಗಿಸುವಷ್ಟು ಪಳಗಿದ. ಆದರೆ ಆತ ಬರೀ ಮೂಗಿನ ಡಾಕ್ಟರು. ಮಿದುಳಿನವರು ಅವನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಡಲಿಲ್ಲ. ವೈದ್ಯರಲ್ಲೂ ಜಾತಿಯಿದೆ.

ಕುಶಿಂಗ್ 1912ರಲ್ಲಿ ಪಿಟ್ಯುಟರಿಯ ಕಾಯಿಲೆಗಳ ಮೇಲೆ ದೊಡ್ಡ ಪುಸ್ತಕ ತಂದ. ಅದರ ವಿಶೇಷವೆಂದರೆ ಫೋಟೋಗಳು. ಕಾಯಿಲೆ ಬರುವ ಮುಂಚಿನ ಚಿತ್ರ, ಬಂದ ಮೇಲಿನ ಚಿತ್ರ, ಅಕ್ಕಪಕ್ಕ. ನಲವತ್ತೈದನೆಯ ರೋಗಿ ಮಿನ್ನಿ ಜಿ. ಎಂಬ 23 ವರ್ಷದ ಹುಡುಗಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದವಳು. ಚಂದ್ರನಂತೆ ದುಂಡಗಾದ ಮುಖ, ಉಬ್ಬಿದ ಹೊಟ್ಟೆಯ ಮೇಲೆ ನೇರಳೆ ಗೀರುಗಳು, ನಿಂತುಹೋದ ಮುಟ್ಟು, ಮುಖದ ಮೇಲೆ ಕೂದಲು, ತಲೆ ಸಿಡಿಯುವ ನೋವು. ಯಾವ ಗ್ರಂಥಿ ಕೆಟ್ಟಿದೆ ಎಂದು ಕುಶಿಂಗ್‌ಗೆ ಬಗೆಹರಿಯಲಿಲ್ಲ. ಹಲವು ಗ್ರಂಥಿಗಳ ಕಾಯಿಲೆ ಎಂದು ಬರೆದಿಟ್ಟ. ಈ ಹುಡುಗಿಯ ನೆನಪು ಅವನನ್ನು ಇಪ್ಪತ್ತು ವರ್ಷ ಬಿಡಲಿಲ್ಲ.

ಅವನ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಲಂಡನ್ನಿನ ಮೇರಿ ಆ್ಯನ್ ಬೆವನ್ ನರ್ಸ್ ಆಗಿದ್ದವಳು, ನಾಲ್ಕು ಮಕ್ಕಳ ತಾಯಿ. ಮದುವೆಯಾದ ಮೇಲೆ ಅಕ್ರೋಮೆಗಲಿ ಬಂತು, 1914ರಲ್ಲಿ ಗಂಡ ತೀರಿಕೊಂಡ. ಮಕ್ಕಳನ್ನು ಸಾಕಲು ಆಕೆ ‘ಲೋಕದ ಅತಿ ಕುರೂಪಿ ಹೆಂಗಸು’ ಎಂಬ ಬಿರುದು ಹೊತ್ತು ನ್ಯೂಯಾರ್ಕಿನ ಕೋನಿ ಐಲೆಂಡಿನ ಪ್ರದರ್ಶನದಲ್ಲಿ ಕುಳಿತಳು. 1927ರಲ್ಲಿ ಟೈಮ್ ಪತ್ರಿಕೆ ಅವಳ ಚಿತ್ರ ಹಾಕಿ ನಗೆಯಾಡಿತು. ಕುಶಿಂಗ್ ಕೆರಳಿ ಸಂಪಾದಕರಿಗೆ ಪತ್ರ ಬರೆದ: ಇದು ನಗುವ ವಿಷಯವಲ್ಲ, ಇದೊಂದು ಕಾಯಿಲೆ, ಇವಳು ಒಂದು ಕಾಲಕ್ಕೆ ಚೆಲುವೆಯಾಗಿದ್ದವಳು ಎಂಬುದು ಅದರ ಸಾರ. ಬರ್ನ್‌ನ ಬುರುಡೆ ಬಿಚ್ಚಿಸಿದವನೂ ಇವನೇ, ಬೆವನ್‌ಳ ಪರವಾಗಿ ಬರೆದವನೂ ಇವನೇ.

ಈಗ ಕತೆಯ ತಿರುವು. 1910ರಿಂದ 1925ರವರೆಗೆ ಕುಶಿಂಗ್ ಮೂಗಿನ ದಾರಿಯಲ್ಲಿ 231 ಆಪರೇಶನ್ ಮಾಡಿದ. ಸತ್ತವರು ನೂರಕ್ಕೆ 5.6. ಆ ಕಾಲಕ್ಕೆ ಇದು ಬೆರಗಿನ ಲೆಕ್ಕ. ಹಾಗಿದ್ದೂ ಆತ ಆ ದಾರಿಯಿಂದ ಮೆಲ್ಲಗೆ ಸರಿದ. 1920ರ ದಶಕ ಮುಗಿಯುವ ಹೊತ್ತಿಗೆ ಹಣೆಯ ಮೂಳೆ ತೆರೆದು, ಮಿದುಳಿನ ಮುಂಭಾಗವನ್ನು ಎತ್ತಿ ಹಿಡಿದು, ಮೇಲಿನಿಂದಲೇ ಗ್ರಂಥಿಗೆ ಇಳಿಯತೊಡಗಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ.

ಹುಚ್ಚಿಗೆ ಬಿಟ್ಟಿದ್ದಲ್ಲ, ಕಾರಣಗಳಿದ್ದವು. ಮೂಗಿನ ಕೊಳವೆ ಕಿರಿದು, ಬೆಳಕು ಮಂದ, ರಕ್ತ ಬಂದರೆ ಕುರುಡುಗೈ. ಮಿದುಳಿನ ನೀರು ಸೋರಿದರೆ ಮೂಗಿನ ಕ್ರಿಮಿಗಳು ಒಳಹೊಕ್ಕು ಮೆನಿಂಜೈಟಿಸ್ ಆಗುವ ಭಯ; ಆ್ಯಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಹಾಗಾದರೆ ಮುಗಿಯಿತೆಂದೇ ಅರ್ಥ. ಗಡ್ಡೆ ಮೇಲಕ್ಕೆ ಎಷ್ಟು ಬೆಳೆದಿದೆ ಎಂದು ಮೊದಲೇ ತಿಳಿಯುವ ಉಪಾಯವೂ ಇರಲಿಲ್ಲ. ಸಾಮಾನ್ಯ ಎಕ್ಸ್-ರೇಯಲ್ಲಿ ಮೂಳೆಯ ಗುಳಿ ಹಿಗ್ಗಿರುವುದು ಕಂಡೀತು, ಗಡ್ಡೆ ಕಾಣದು. ಮೇಲಿನಿಂದ ಹೋದರೆ ಕಣ್ಣಿನ ನರಗಳನ್ನು ಕಣ್ಣಾರೆ ನೋಡಿ ಬಿಡಿಸಬಹುದಿತ್ತು, ದೃಷ್ಟಿ ಮರಳುವ ಭರವಸೆ ಹೆಚ್ಚಿತ್ತು. ಜೊತೆಗೆ ಅವನ ಕೈ ಅಷ್ಟು ಪಳಗಿತ್ತು. ಮೇಲಿನ ದಾರಿಯಲ್ಲೂ ಸಾವು ನೂರಕ್ಕೆ ನಾಲ್ಕೈದಕ್ಕೆ ಇಳಿದಿತ್ತು. ಅವನ ಮಟ್ಟಿಗೆ ಈ ನಿರ್ಧಾರ ಸರಿಯೇ. ಎಡವಟ್ಟಾದದ್ದು ಮಿಕ್ಕವರದು. ಕುಶಿಂಗ್ ಬಿಟ್ಟ ಎಂದ ಮೇಲೆ ಲೋಕವೇ ಬಿಟ್ಟಿತು. ಅವನ ಕೈ ಇಲ್ಲದವರೂ ಅವನ ದಾರಿ ಹಿಡಿದರು. ಅವನು ಯಾಕೆ ಬಿಟ್ಟ, ಆ ಕಾರಣಗಳು ಇನ್ನೂ ಉಳಿದಿವೆಯೇ ಎಂದು ಕೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ.

ಕೇಳಿದವನೊಬ್ಬನಿದ್ದ, ಎಡಿನ್‌ಬರೋದ ನಾರ್ಮನ್ ಡಾಟ್. ಹುಡುಗನಿದ್ದಾಗ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಕಲಿಕೆಗೆ ಸೇರಿದ್ದವನು 1913ರಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ವೈದ್ಯನಾಗುವ ಮನಸ್ಸಾಯಿತು. 1923ರಲ್ಲಿ ರಾಕ್‌ಫೆಲರ್ ಶಿಷ್ಯವೇತನ ಪಡೆದು ಬಾಸ್ಟನ್ನಿಗೆ ಹೋಗಿ, ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಕುಶಿಂಗ್‌ನ ಕೆಳಗೆ ಕಲಿತ. ಆಗ ಗುರು ಇನ್ನೂ ಮೂಗಿನ ದಾರಿಯಲ್ಲಿದ್ದ. ಶಿಷ್ಯ ಅದನ್ನು ಕಲಿತು ಸ್ಕಾಟ್ಲೆಂಡಿಗೆ ಮರಳಿದ. ಗುರು ಆಮೇಲೆ ಬಿಟ್ಟರೂ ಇವನು ಬಿಡಲಿಲ್ಲ. ಗುರುವಿಗೇ ತಿರುಮಂತ್ರ ಎನ್ನುವ ಹಾಗೂ ಇಲ್ಲ, ಗುರು ಮರೆತ ಮಂತ್ರವನ್ನೇ ಇವನು ಜಪಿಸುತ್ತಿದ್ದ. ಎಂಜಿನಿಯರನ ಬುದ್ಧಿ ಕೆಲಸಕ್ಕೆ ಬಂತು: ಮೂಗನ್ನು ಅಗಲಿಸುವ ಉಪಕರಣದ ತುದಿಗೇ ಪುಟ್ಟ ಬಲ್ಬುಗಳನ್ನು ಕೂರಿಸಿ, ಬೆಳಕನ್ನು ಕೊಳವೆಯ ಬಾಯಿಂದ ಬುಡಕ್ಕೆ ಒಯ್ದ. ಗುರು ಹೇಳಿದ್ದ ತೊಂದರೆಗಳಲ್ಲಿ ಒಂದು ಅಲ್ಲಿಗೆ ಮುಗಿಯಿತು. ಒಬ್ಬರೂ ಸಾಯದಂತೆ ಸಾಲಾಗಿ 80 ಆಪರೇಶನ್ ಮಾಡಿದ. ಇಷ್ಟಾದರೂ ದೊಡ್ಡ ಗದ್ದಲ ಮಾಡಿದವನಲ್ಲ. ಎಡಿನ್‌ಬರೋದಲ್ಲಿ ಹೀಗೊಂದು ನಡೆಯುತ್ತಿದೆ ಎಂದು ಬಲ್ಲವರೇ ಕಡಿಮೆ.

ವಿಯೆನ್ನಾದ ಹಿರ್ಷ್ ಕೂಡ ಬಿಟ್ಟಿರಲಿಲ್ಲ. 1938ರಲ್ಲಿ ನಾಜಿಗಳು ಆಸ್ಟ್ರಿಯಾ ನುಂಗಿದಾಗ, ಯಹೂದಿಯಾಗಿದ್ದ ಆತ ಊರು ಬಿಟ್ಟು ಅಮೆರಿಕಕ್ಕೆ ಓಡಿದ. ಬಂದು ನೆಲೆಸಿದ್ದು ಬಾಸ್ಟನ್ನಿನಲ್ಲಿ, ಕುಶಿಂಗ್ ಮೆರೆದ ಊರಿನಲ್ಲೇ. ಅಲ್ಲಿ ಹ್ಯಾಮ್ಲಿನ್ ಎಂಬ ನರಶಸ್ತ್ರವೈದ್ಯನ ಜೊತೆಗೂಡಿ ಹಳೆಯ ಕೆಲಸ ಮುಂದುವರಿಸಿದ.

1932ಕ್ಕೆ ಹಿಂತಿರುಗಬೇಕು. ಆ ವರ್ಷ ಕುಶಿಂಗ್ ಆಸ್ಪತ್ರೆಯಿಂದ ನಿವೃತ್ತನಾದ. ಅದೇ ವರ್ಷ ಹನ್ನೆರಡು ರೋಗಿಗಳ ವಿವರ ಜೋಡಿಸಿ ಒಂದು ಲೇಖನ ಪ್ರಕಟಿಸಿದ. ಮಿನ್ನಿ ಜಿ.ಯ ಒಗಟಿಗೆ ಅದು ಉತ್ತರ. ದುಂಡು ಮುಖ, ನೇರಳೆ ಗೀರು, ರಕ್ತದೊತ್ತಡ, ಸವೆದ ಎಲುಬು, ಎಲ್ಲದರ ಹಿಂದೆ ಪಿಟ್ಯುಟರಿಯ ಅತಿ ಸಣ್ಣ ಗಡ್ಡೆಯಿದೆ ಎಂದು ಆತ ವಾದಿಸಿದ. ಬರೀ ಕೆಲವು ಮಿಲಿಮೀಟರ್ ಗಡ್ಡೆ. ಎಷ್ಟೋ ವೈದ್ಯರು ನಂಬಲಿಲ್ಲ, ರೋಗ ಅಡ್ರಿನಲ್ ಗ್ರಂಥಿಯದು ಎಂದರು. ಮುಂದೆ ದಶಕಗಟ್ಟಲೆ ಆ ಪಾಪದ ಅಡ್ರಿನಲ್‌ಗಳನ್ನೇ ಕಿತ್ತು ಹಾಕಿದರು. ಕುಶಿಂಗ್ ಹೇಳಿದ್ದೇ ನಿಜವಾಯಿತು. ಕಾಯಿಲೆಗೆ ಅವನದೇ ಹೆಸರು ಬಂತು. ಮಿದುಳಿನ ಮೇಲಿನಿಂದ ಇಳಿದು ಇಂಥ ಕಾಳಿನಷ್ಟು ಗಡ್ಡೆಯನ್ನು ಹುಡುಕಿ ತೆಗೆಯುವುದು ಆಗದ ಮಾತು. ಅದಕ್ಕೆ ಸರಿಯಾದ ದಾರಿ ಒಂದೇ, ಆತ ಬಿಟ್ಟು ಬಂದ ಮೂಗಿನದು. ತನ್ನ ಹೆಸರಿನ ಕಾಯಿಲೆಗೆ ಬೇಕಾದ ಬಾಗಿಲನ್ನು ತಾನೇ ಮುಚ್ಚಿದ್ದ. ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ ಇದು. 1939ರಲ್ಲಿ ಆತ ತೀರಿಕೊಂಡ. ಶವಪರೀಕ್ಷೆಯಲ್ಲಿ, ಮಿದುಳಿನ ಗಡ್ಡೆಗಳನ್ನು ಸಾವಿರಾರು ತೆಗೆದವನ ಮಿದುಳಿನಲ್ಲೇ, ಅವನಿಗೆ ತೊಂದರೆ ಕೊಡದ ಸಣ್ಣ ಗುಳ್ಳೆಯೊಂದು ಸಿಕ್ಕಿತು.

ನಡುವೆ ಔಷಧಿಯ ಕಪಾಟು ತುಂಬುತ್ತಿತ್ತು. ಪೆನಿಸಿಲಿನ್ ಬಂತು. 1949ರಲ್ಲಿ ಕಾರ್ಟಿಸೋನ್ ಬಂತು. ಇದರ ಮಹಿಮೆ ಇಲ್ಲಿ ತುಸು ಬಿಡಿಸಿ ಹೇಳಬೇಕು. ಪಿಟ್ಯುಟರಿಯ ಆಜ್ಞೆ ನಿಂತರೆ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಮಾಡುವುದಿಲ್ಲ; ಅದಿಲ್ಲದೆ ರೋಗಿ ಆಪರೇಶನ್ನಿನ ಮಾರನೆಯ ದಿನ ರಕ್ತದೊತ್ತಡ ಕುಸಿದು ಸಾಯುತ್ತಾನೆ. ಹಳಬರು ಕಂಡ ಎಷ್ಟೋ ಸಾವುಗಳು ಕತ್ತಿಯಿಂದಾದವಲ್ಲ, ಈ ಕೊರತೆಯಿಂದಾದವು. ಕೊರತೆಯ ಮುಖವನ್ನು ಬೇರೆ ಕಡೆಯಿಂದಲೂ ವೈದ್ಯರು ಕಂಡಿದ್ದರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಮೈ ಸೋತು ತಣ್ಣಗಾಗುತ್ತದೆ. ರಕ್ತವಿಲ್ಲದೆ ಗ್ರಂಥಿಯೇ ಸತ್ತಿರುತ್ತದೆ ಎಂದು 1937ರಲ್ಲಿ ಬ್ರಿಟನ್ನಿನ ಹೆರಾಲ್ಡ್ ಶೀಹನ್ ತೋರಿಸಿದ. ನಮ್ಮ ಹೊಲಗದ್ದೆಗಳಿಗೆ ಸಂಬಂಧಿಸಿದ ಇನ್ನೊಂದು ಕಾರಣವಿದೆ: ಕೊಳಕುಮಂಡಲ ಹಾವಿನ ಕಡಿತ. ವಿಷದಿಂದ ಪಾರಾಗಿ ಮನೆಗೆ ಬಂದವರಲ್ಲಿ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಇದೇ ಸುಸ್ತು, ಇದೇ ಸೊರಗು. ಬರ್ಮಾ ಮತ್ತು ದಕ್ಷಿಣ ಭಾರತದ ವೈದ್ಯರು ಇದನ್ನು ವರದಿ ಮಾಡಿದ್ದಾರೆ. ಹಾವು ಕಡಿದದ್ದು ಕಾಲಿಗೆ, ಸತ್ತದ್ದು ತಲೆಯ ನಡುವಿನ ಗ್ರಂಥಿ. ದಿನಕ್ಕೆರಡು ಮೂರು ಮಾತ್ರೆಯಲ್ಲಿ ಸರಿಹೋಗುವ ಕಾಯಿಲೆ, ಗುರುತಿಸುವವರು ಬೇಕಷ್ಟೆ.

1956ರಲ್ಲಿ ಪ್ಯಾರಿಸ್ಸಿನ ಫೋಶ್ ಆಸ್ಪತ್ರೆಯ ಜೆರಾರ್ ಗಿಯೋ ಎಡಿನ್‌ಬರೋಗೆ ಹೋಗಿ ಡಾಟ್‌ನ ಕೆಲಸ ನೋಡಿದ. ನೋಡಿ ಬಂದವನು ಮೂಗಿನ ದಾರಿಯಲ್ಲಿ ಸಾವಿರಕ್ಕೂ ಹೆಚ್ಚು ಆಪರೇಶನ್ ಮಾಡಿದ. ಅವನು ಸೇರಿಸಿದ್ದು ಪರದೆಯ ಮೇಲೆ ಆಗಿಂದಾಗಲೇ ಮೂಡುವ ಎಕ್ಸ್-ರೇ ಚಿತ್ರ. ಉಪಕರಣದ ತುದಿ ತಲೆಯೊಳಗೆ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಗೊತ್ತಾಗುತ್ತಿತ್ತು. ಗಿಯೋನ ಬಳಿ ಕೆನಡಾದ ಮಾಂಟ್ರಿಯಲ್‌ನಿಂದ ಜೂಲ್ ಹಾರ್ಡಿ ಕಲಿಯಲು ಬಂದ. ಹೀಗೆ ಕುಶಿಂಗ್‌ನಿಂದ ಡಾಟ್, ಡಾಟ್‌ನಿಂದ ಗಿಯೋ, ಗಿಯೋನಿಂದ ಹಾರ್ಡಿ. ಕೈಯಿಂದ ಕೈಗೆ ದಾಟಿದ ವಿದ್ಯೆ. ಇದರಲ್ಲಿ ಒಂದು ಕೊಂಡಿ ತಪ್ಪಿದ್ದರೆ ಯಾರೋ ಮತ್ತೆ ಮೊದಲಿನಿಂದ ಕಂಡುಹಿಡಿಯಬೇಕಿತ್ತು.

ಹಾರ್ಡಿ 1960ರ ದಶಕದಲ್ಲಿ ಈ ಕೆಲಸಕ್ಕೆ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ತಂದ. ಆ ಕಾಲದಲ್ಲಿ ಹರಡಿದ ಸ್ತನಕ್ಯಾನ್ಸರ್‌ನ ನೋವು ತಗ್ಗಿಸಲು ಪಿಟ್ಯುಟರಿಯನ್ನೇ ಪೂರ್ತಿ ತೆಗೆಯುವ ರೂಢಿಯಿತ್ತು. ಆ ಹೆಂಗಸರ ಗಡ್ಡೆಯಿಲ್ಲದ ಗ್ರಂಥಿಗಳನ್ನು ದೊಡ್ಡದು ಮಾಡಿ ನೋಡಿ ನೋಡಿ, ಆರೋಗ್ಯವಂತ ಗ್ರಂಥಿಯ ಬಣ್ಣ, ಬಿಗಿ, ಮೇಲ್ಮೈ ಹೇಗಿರುತ್ತದೆ ಎಂಬುದು ಅವನ ಕಣ್ಣಿಗೆ ಪಾಠವಾಯಿತು. ಆಮೇಲೆ ಗಡ್ಡೆಯಿದ್ದವರಲ್ಲಿ ಒಳ್ಳೆಯ ಅಂಗಾಂಶವನ್ನು ಉಳಿಸಿ, ಕೆಟ್ಟದ್ದನ್ನಷ್ಟೇ ಹೆಕ್ಕಿ ತೆಗೆಯುವುದು ಸಾಧ್ಯವಾಯಿತು. ಹತ್ತು ಮಿಲಿಮೀಟರಿಗಿಂತ ಚಿಕ್ಕ ಗಡ್ಡೆಗೆ ‘ಮೈಕ್ರೋಅಡೆನೋಮ’ ಎಂಬ ಹೆಸರು ಬಳಕೆಗೆ ಬಂತು. ಕುಶಿಂಗ್ ಕಾಯಿಲೆಯ ರೋಗಿಗಳು ಅಡ್ರಿನಲ್ ಕಳೆದುಕೊಳ್ಳದೆ ಗುಣವಾಗತೊಡಗಿದರು. ಗುರು ಹೇಳಿದ ರೋಗಕ್ಕೆ ಗುರು ಬಿಟ್ಟ ದಾರಿಯಲ್ಲಿ, ಶಿಷ್ಯನ ಶಿಷ್ಯನ ಶಿಷ್ಯ ಮದ್ದು ತಂದಿದ್ದ.

ಆದರೆ ಕಾಣದ ಗಡ್ಡೆ ಇದೆಯೆಂದು ಮೊದಲು ತಿಳಿಯುವುದು ಹೇಗೆ? ಉತ್ತರ ಬಂದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಿಂದ. ಭೌತವಿಜ್ಞಾನಿ ರೊಸಲಿನ್ ಯಾಲೋ ಮತ್ತು ವೈದ್ಯ ಸಾಲೊಮನ್ ಬರ್ಸನ್ 1950ರ ದಶಕದ ಕೊನೆಗೆ, ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂದು ಅಳೆಯುವ ರೇಡಿಯೋಇಮ್ಯುನೋಅಸ್ಸೇ ವಿಧಾನ ರೂಪಿಸಿದರು. ಕೆರೆಯಲ್ಲಿ ಕರಗಿದ ಚಿಟಿಕೆ ಸಕ್ಕರೆಯನ್ನು ಲೆಕ್ಕ ಹಾಕುವಷ್ಟು ನವಿರು ಕೆಲಸ ಅದು. ಅವರ ಮೊದಲ ದೊಡ್ಡ ಲೇಖನವೊಂದನ್ನು ಪತ್ರಿಕೆ ತಿರಸ್ಕರಿಸಿತ್ತು; ಯಾಲೋ ಆ ಪತ್ರವನ್ನು ಜೋಪಾನ ಮಾಡಿ, 1977ರಲ್ಲಿ ನೊಬೆಲ್ ಪಡೆದಾಗ ಭಾಷಣದಲ್ಲಿ ಎಲ್ಲರಿಗೂ ತೋರಿಸಿದಳು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದ, ಅವನಿಗೆ ಬಹುಮಾನ ದಕ್ಕಲಿಲ್ಲ. 1977ರ ಆ ಬಹುಮಾನವನ್ನು ಹಂಚಿಕೊಂಡ ಗಿಯ್ಮೆ ಮತ್ತು ಶಾಲಿ, ಪಿಟ್ಯುಟರಿಗೂ ಮೇಲಿನ ಅಧಿಕಾರಿಯನ್ನು ಹುಡುಕಿದವರು. ಕಸಾಯಿಖಾನೆಗಳಿಂದ ಒಬ್ಬ ಲಕ್ಷಾಂತರ ಕುರಿಗಳ, ಇನ್ನೊಬ್ಬ ಹಂದಿಗಳ ಮಿದುಳಿನ ತುಣುಕು ತರಿಸಿ, ಒಬ್ಬರಿಗೊಬ್ಬರು ಆಗದೆ ವರ್ಷಗಟ್ಟಲೆ ಪೈಪೋಟಿ ನಡೆಸಿದರು. ಆ ಹುಡುಕಾಟದಲ್ಲಿ 1973ರಲ್ಲಿ ಸಿಕ್ಕ ಸೊಮಾಟೊಸ್ಟಾಟಿನ್ ಬೆಳವಣಿಗೆಯ ಹಾರ್ಮೋನನ್ನು ತಡೆಯುತ್ತದೆ. ಅದರಂತೆಯೇ ಕೆಲಸ ಮಾಡುವ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಇಂದು ಅಕ್ರೋಮೆಗಲಿಗೆ ಮದ್ದು.

ಇನ್ನೊಂದು ಮದ್ದು ಬಂದದ್ದು ಧಾನ್ಯದ ತೆನೆಗೆ ಹತ್ತುವ ಎರ್ಗಾಟ್ ಎಂಬ ಶಿಲೀಂಧ್ರದಿಂದ. ನಮ್ಮ ಸಜ್ಜೆಯ ತೆನೆಯನ್ನೂ ಹಾಳುಮಾಡುವ ಜಾತಿ ಅದು. ಎಲ್‌ಎಸ್‌ಡಿ ಎಂಬ ಮತ್ತಿನ ಪದಾರ್ಥ ಹುಟ್ಟಿದ್ದೂ ಇದೇ ಎರ್ಗಾಟ್‌ನಿಂದ, ಸ್ವಿಟ್ಜರ್‌ಲೆಂಡಿನ ಸ್ಯಾಂಡೋಜ್ ಕಂಪನಿಯ ಪ್ರಯೋಗಶಾಲೆಯಲ್ಲಿ. ಅದೇ ಕಂಪನಿ ರೂಪಿಸಿದ ಬ್ರೋಮೊಕ್ರಿಪ್ಟಿನ್ 1970ರ ದಶಕದಲ್ಲಿ ಬಳಕೆಗೆ ಬಂದಾಗ ಶಸ್ತ್ರವೈದ್ಯರು ಬೆಪ್ಪಾದರು. ಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ ಸುರಿಸುವ ಗಡ್ಡೆ, ಹಾರ್ಮೋನು ಸುರಿಸುವ ಪಿಟ್ಯುಟರಿ ಗಡ್ಡೆಗಳಲ್ಲೆಲ್ಲ ಅತಿ ಸಾಮಾನ್ಯವಾದದ್ದು, ಬರೀ ಮಾತ್ರೆಗೆ ಕುಗ್ಗಿಹೋಗುತ್ತಿತ್ತು. ಮದುವೆಯಾಗಿ ವರ್ಷಗಳಾದರೂ ಬಸಿರಾಗದೆ, ಮುಟ್ಟು ನಿಂತು, ಹೆರದೆಯೇ ಎದೆಯಲ್ಲಿ ಹಾಲು ಒಸರಿ ಗಾಬರಿಗೊಂಡಿದ್ದ ಹೆಂಗಸರು ಮಾತ್ರೆ ನುಂಗಿ ತಾಯಂದಿರಾದರು. ಇವರಲ್ಲಿ ಹೆಚ್ಚಿನವರಿಗೆ ಮೂಗೂ ಬೇಡ, ಹಣೆಯೂ ಬೇಡ.

ಉಳಿದದ್ದು ಬೇಗ ಹೇಳಬಹುದು. 1971ರಲ್ಲಿ ಸಿಟಿ ಸ್ಕ್ಯಾನ್, ಆಮೇಲೆ ಎಂಆರ್‌ಐ. ಕುಶಿಂಗ್‌ನನ್ನು ಕಾಡಿದ ‘ಗಡ್ಡೆ ಎಲ್ಲಿಯವರೆಗೆ’ ಎಂಬ ಪ್ರಶ್ನೆ ಅಲ್ಲಿಗೆ ತೀರಿತು. ಕುಶಿಂಗ್ ಕಾಯಿಲೆಯ ಗಡ್ಡೆ ಮಾತ್ರ ಎಷ್ಟೋ ಸಲ ಎಂಆರ್‌ಐಗೂ ಕಾಣದು. ಆಗ ತೊಡೆಸಂದಿನ ರಕ್ತನಾಳದಿಂದ ಸಪೂರ ನಳಿಕೆಯನ್ನು ತಲೆಯವರೆಗೆ ತೂರಿಸಿ, ಗ್ರಂಥಿಯಿಂದ ಇಳಿದು ಬರುವ ರಕ್ತವನ್ನೇ ಎಡಬಲ ಎರಡೂ ಕಡೆಯಿಂದ ತೆಗೆದು ಅಳೆಯುತ್ತಾರೆ. 1990ರ ದಶಕದಲ್ಲಿ ಪಿಟ್ಸ್‌ಬರ್ಗಿನ ಜೋ ಮತ್ತು ಕರಾವ್, ಒಬ್ಬ ನರಶಸ್ತ್ರವೈದ್ಯ ಇನ್ನೊಬ್ಬ ಮೂಗಿನ ಡಾಕ್ಟರು, ಎಂಡೋಸ್ಕೋಪ್ ಹಿಡಿದು ಹೊಳ್ಳೆಯಿಂದಲೇ ಒಳಹೊಕ್ಕರು. ಹಿರ್ಷ್ ಹಿಡಿದಿದ್ದ ಬಾಗಿಲು ಅದೇ. ಈಗ ಜಗತ್ತಿನಲ್ಲಿ ಪಿಟ್ಯುಟರಿ ಆಪರೇಶನ್‌ಗಳ ಬಹುಪಾಲು ನಡೆಯುವುದು ಮೂಗಿನ ದಾರಿಯಲ್ಲೇ.

ಬರ್ನ್‌ನ ಮೂಳೆಗಳ ಕತೆಯೂ ಮುಂದುವರಿಯಿತು. 2011ರಲ್ಲಿ ಅವನ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಎಐಪಿ ಎಂಬ ವಂಶವಾಹಿಯ ದೋಷ ಸಿಕ್ಕಿತು. ಅದೇ ದೋಷ ಉತ್ತರ ಐರ್ಲೆಂಡಿನ ಇಂದಿನ ನಾಲ್ಕು ಕುಟುಂಬಗಳಲ್ಲೂ ಇತ್ತು. ಎಲ್ಲರ ಮೂಲಪುರುಷ ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನವನೆಂದು ಲೆಕ್ಕ ಹಾಕಿದರು. 2023ರಲ್ಲಿ ಲಂಡನ್ನಿನ ಹಂಟೇರಿಯನ್ ಸಂಗ್ರಹಾಲಯ ಮತ್ತೆ ತೆರೆದಾಗ ಅಸ್ಥಿಪಂಜರ ಪ್ರದರ್ಶನದಲ್ಲಿರಲಿಲ್ಲ. ಸಮುದ್ರಕ್ಕೂ ಹೋಗಿಲ್ಲ. ಸಂಶೋಧನೆಗೆಂದು ಒಳಗಿಟ್ಟಿದ್ದಾರೆ.

ಇಷ್ಟೆಲ್ಲ ಇದ್ದೂ ಅಕ್ರೋಮೆಗಲಿ ಗೊತ್ತಾಗುವುದು ಇವತ್ತಿಗೂ ಶುರುವಾಗಿ ಹಲವು ವರ್ಷಗಳ ಮೇಲೆ. ದಿನಾ ನೋಡುವ ಮುಖದಲ್ಲಿ ಬದಲಾವಣೆ ಮನೆಯವರಿಗೆ ಕಾಣುವುದಿಲ್ಲ. ಊರಿಗೆ ಅಪರೂಪಕ್ಕೆ ಬರುವ ಸೋದರತ್ತೆಗೆ ಕಾಣುತ್ತದೆ. ಮದುವೆಯ ಉಂಗುರ ಸೋಪು ಹಚ್ಚಿದರೂ ಬೆರಳಿನಿಂದ ಬಾರದಿದ್ದರೆ, ನಲವತ್ತರ ಮೇಲೆ ಚಪ್ಪಲಿಯ ಅಳತೆ ದೊಡ್ಡದಾಗುತ್ತಿದ್ದರೆ, ಹಲ್ಲುಗಳ ನಡುವೆ ಸಂದು ಬೀಳುತ್ತಿದ್ದರೆ ಒಮ್ಮೆ ಹಾರ್ಮೋನು ತಜ್ಞರನ್ನು ಕಂಡು ಬನ್ನಿ. ಹೋಗುವಾಗ ಹತ್ತು ವರ್ಷದ ಹಿಂದಿನ ಒಂದು ಫೋಟೋ ಚೀಲದಲ್ಲಿರಲಿ. ಡಾಕ್ಟರು ಅದನ್ನು ಕೇಳುತ್ತಾರೆ.